ಬೆಲ್ಟ್ ಡ್ರೈವ್ ವಿಎಂಸಿ, ಐದು ವರ್ಷದ ಬಳಕೆಯ ನಂತರ: ಯಾವ ಸದ್ದು ಎಲ್ಲಿಂದ?

ಪೀಣ್ಯದ ನಮ್ಮ ಶೆಡ್‌ನಲ್ಲಿ ಈ ವಿಎಂಸಿ (ವರ್ಟಿಕಲ್ ಮಷೀನಿಂಗ್ ಸೆಂಟರ್, ಅಂದರೆ ಕಂಪ್ಯೂಟರ್ ಕಂಟ್ರೋಲ್‌ನಲ್ಲಿ ಲೋಹ ಕತ್ತರಿಸುವ ಮೆಷಿನ್) ಐದು ವರ್ಷದಿಂದ ಎರಡು ಶಿಫ್ಟ್ ಓಡುತ್ತಿದೆ. ಬಿಟಿ 40 ಅಳತೆಯ ಟೂಲ್ ಹೋಲ್ಡರ್ ಹಿಡಿದು ತಿರುಗುವ ಸ್ಪಿಂಡಲ್, 8000 ಆರ್‌ಪಿಎಂ, ಬೆಲ್ಟ್ ಡ್ರೈವ್, ಮೂರೂ ಆಕ್ಸಿಸ್‌ಗೆ (ಎಕ್ಸ್, ವೈ, ಝಡ್ ದಿಕ್ಕಿನ ಚಲನೆಗೆ) ಎಲ್‌ಎಂ ಗೈಡ್, ಅಂದರೆ ಅವು ಸರಿಯುವ ಹಳಿ. ಕೆಲಸ ಹೆಚ್ಚಾಗಿ ಎರಕದ ಕಬ್ಬಿಣ. ಈ ತರಹದ ಮೆಷಿನ್ ತುಂಬಾ ಕಂಪನಿಗಳು ಮಾಡುತ್ತವೆ, ಹಾಗಾಗಿ ಹೆಸರು ಬರೆಯುವುದಿಲ್ಲ. ಅಳತೆ ಚೆನ್ನಾಗಿ ಹಿಡಿಯುತ್ತದೆ, ಕಂಟ್ರೋಲ್ ತೊಂದರೆ ಕೊಟ್ಟಿಲ್ಲ. ನಾನು ಬರೆಯಬೇಕು ಅಂತ ಕೂತಿದ್ದು ಇದರ ಸದ್ದುಗಳ ಬಗ್ಗೆ. ಜೊತೆಗೆ ಕೊಟ್ಟ ಪುಸ್ತಕದಲ್ಲಿ ಅಲಾರಂ ನಂಬರ್‌ಗಳು ಪುಟಗಟ್ಟಲೆ ಇವೆ, ಸದ್ದಿನ ಬಗ್ಗೆ ಒಂದು ಸಾಲೂ ಇಲ್ಲ. ಅಲಾರಂ ಬರುವುದಕ್ಕೆ ಎಷ್ಟೋ ಮೊದಲೇ ಸದ್ದು ಬಂದಿರುತ್ತದೆ, ಅಲ್ವಾ?

ಮೂರನೇ ವರ್ಷ ಸ್ಪಿಂಡಲ್ ಕೂರಿಸಿದ ಹೆಡ್ ಕಡೆಯಿಂದ ಗರಗರ ಶುರುವಾಯಿತು. ಸರ್ವೀಸ್‌ನವರು ಬಂದು ಸ್ವಲ್ಪ ಹೊತ್ತು ಕೇಳಿದರು. "ಸ್ಪಿಂಡಲ್ ಬೇರಿಂಗ್ ಹೋಗಿದೆ ಸಾರ್, ಇಡೀ ಸ್ಪಿಂಡಲ್ ಬದಲಾಯಿಸಬೇಕು" ಅಂದರು. ಅದು ಲಕ್ಷಗಳ ಮಾತು. ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆಂದರೆ ವೇಗ ಏರುವಾಗ ಮತ್ತು ಇಳಿಯುವಾಗ ಸದ್ದು ಜಾಸ್ತಿ ಇತ್ತು, ಒಂದೇ ವೇಗದಲ್ಲಿ ನಿಂತ ಮೇಲೆ ಬಹುಪಾಲು ಅಡಗುತ್ತಿತ್ತು. ಬೇರಿಂಗ್ ಹೋಗಿದ್ದರೆ ತಿರುಗುವಷ್ಟು ಹೊತ್ತೂ ಕೂಗುತ್ತದೆ, ವೇಗದ ಜೊತೆ ಸ್ವರವೂ ಏರುತ್ತದೆ, ಸ್ಪಿಂಡಲ್ ಮೂತಿಯೂ ಮೊದಲಿಗಿಂತ ಬಿಸಿಯಾಗುತ್ತದೆ. ಬೆಲ್ಟ್ ಬಿಚ್ಚಿ ನೋಡೋಣ ಅಂತ ಪಟ್ಟು ಹಿಡಿದೆ. ಮೋಟರ್ ಒಂದನ್ನೇ ಓಡಿಸಿದರೆ ಸದ್ದಿಲ್ಲ. ಪವರ್ ತೆಗೆದು ಸ್ಪಿಂಡಲ್ ಕೈಯಲ್ಲಿ ತಿರುಗಿಸಿದರೆ ಎಲ್ಲೂ ತಡೆಯಿಲ್ಲ, ಒರಟಿಲ್ಲ. ಪುಲ್ಲಿ ಕವರ್ ಒಳಗೆ ಮಾತ್ರ ಕಪ್ಪು ರಬ್ಬರ್ ಪುಡಿ ರಾಶಿ ಬಿದ್ದಿತ್ತು. ಬೆಲ್ಟ್ ಹಲ್ಲು ಸವೆದಿದ್ದವು. ಹೊಸ ಬೆಲ್ಟ್ ಹಾಕಿ, ಬಿಗಿ ಸರಿಮಾಡಿದ ಮೇಲೆ ಗರಗರ ನಿಂತಿತು. ಅದೇ ಸ್ಪಿಂಡಲ್ ಇವತ್ತಿಗೂ ಓಡುತ್ತಿದೆ.

ಅಂದಿನಿಂದ ನಮ್ಮ ಹುಡುಗರಿಗೆ ಒಂದೇ ಪ್ರಶ್ನೆ ಕಲಿಸಿದ್ದೇನೆ: ಸದ್ದು ಯಾವ ಚಲನೆಯ ಜೊತೆ ಬರುತ್ತಿದೆ? ಮೊದಲು ಟೂಲ್ ತೆಗೆದು ಸ್ಪಿಂಡಲ್ ಒಂದನ್ನೇ ತಿರುಗಿಸಬೇಕು. ಆಮೇಲೆ ಸ್ಪಿಂಡಲ್ ನಿಲ್ಲಿಸಿ ಒಂದೊಂದೇ ಆಕ್ಸಿಸ್ ಓಡಿಸಬೇಕು, ನಿಧಾನವಾಗಿ ಒಮ್ಮೆ, ಜೋರಾಗಿ ಒಮ್ಮೆ. ಎರಡರಲ್ಲೂ ಸದ್ದಿಲ್ಲ, ಕಟಿಂಗ್ ಮಾಡುವಾಗ ಮಾತ್ರ ಬರುತ್ತದೆ ಅಂದರೆ ಮೊದಲ ಅನುಮಾನ ಚಾಟರ್ ಮೇಲೆ, ಅಂದರೆ ಕತ್ತರಿಸುವಾಗ ಟೂಲ್ ಅದುರುವುದರ ಮೇಲೆ. 3000 ಆರ್‌ಪಿಎಂನಲ್ಲಿ ನಾಲ್ಕು ಹಲ್ಲಿನ ಎಂಡ್ ಮಿಲ್ ಸೆಕೆಂಡಿಗೆ 200 ಸಲ ಲೋಹಕ್ಕೆ ಬಡಿಯುತ್ತದೆ. ಆ ಗುಂಯ್ ಸದ್ದು ಸಹಜ. ಅದರ ಮೇಲೆ ಬೇರೊಂದು ಕಿರುಚಾಟ ಸೇರಿ, ಜಾಬ್ ಮೇಲೆ ಅಲೆಯಂತೆ ಗುರುತು ಬಿದ್ದರೆ ಚಾಟರ್. ಆರ್‌ಪಿಎಂ ಸ್ವಲ್ಪ ಬದಲಿಸಿ, ಟೂಲ್ ಹೊರಚಾಚಿದ್ದು ಕಡಿಮೆ ಮಾಡಿ ನೋಡಿ. ಅಷ್ಟಕ್ಕೇ ಹೋದರೆ ಮೆಷಿನ್ ಬಿಚ್ಚುವುದೇ ಬೇಡ.

ಎಕ್ಸ್ ಆಕ್ಸಿಸ್‌ನ ಕಿರ್ರ್ ಸದ್ದಿಗೆ ನಮ್ಮಲ್ಲಿ ಹೆಚ್ಚಿನ ಸಲ ಕಾರಣ ಸ್ಲೈಡ್ ಕವರ್. ಎರಕದ ಕಬ್ಬಿಣದ ಸಣ್ಣ ಪುಡಿ ಕವರ್ ಅಂಚಿನ ವೈಪರ್ (ಒರೆಸುವ ಪಟ್ಟಿ) ಕೆಳಗೆ ಸೇರಿಕೊಳ್ಳುತ್ತದೆ. ಕವರ್ ಬಿಚ್ಚಿ ಆಕ್ಸಿಸ್ ನಿಧಾನಕ್ಕೆ ಓಡಿಸಿದರೆ ಕೂಡಲೇ ಗೊತ್ತಾಗುತ್ತದೆ. ಈ ಮೆಷಿನ್‌ನಲ್ಲಿ ಕವರ್ ಬಿಚ್ಚುವುದೇ ದೊಡ್ಡ ತಲೆನೋವು. ಸ್ಕ್ರೂಗಳಿಗೆ ಕೈ ಎಟುಕುವುದಿಲ್ಲ. ವಿನ್ಯಾಸ ಮಾಡಿದವರು ಇದನ್ನು ಯೋಚಿಸಬೇಕಿತ್ತು.

ಟೇಬಲ್ ಮಧ್ಯದಲ್ಲಿ ಮಾತ್ರ ಲೊಟಲೊಟ ಅಂದರೆ ಟೇಬಲ್ ಸರಿಸುವ ಬಾಲ್ ಸ್ಕ್ರೂ ಮೇಲೆ ಕಣ್ಣಿಡಿ. ಜಾಬ್ ಹಿಡಿಯುವ ವೈಸ್ ಯಾವಾಗಲೂ ಮಧ್ಯದಲ್ಲೇ ಇದ್ದರೆ ಸ್ಕ್ರೂ ಅಲ್ಲೇ ಸವೆಯುತ್ತದೆ. ಡಯಲ್ ಇಟ್ಟು ಮಧ್ಯದಲ್ಲೂ ತುದಿಯಲ್ಲೂ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗಿನ ಸಡಿಲ) ಹೋಲಿಸಿ. ಇನ್ನು ಲ್ಯೂಬ್ ಟ್ಯಾಂಕ್. ಎಣ್ಣೆ ಖರ್ಚೇ ಆಗುತ್ತಿಲ್ಲ ಅಂದರೆ ಖುಷಿಪಡಬೇಡಿ. ಪಂಪ್ ಕೆಟ್ಟಿರಬಹುದು, ಎಣ್ಣೆ ಹಂಚುವ ಡಿಸ್ಟ್ರಿಬ್ಯೂಟರ್ ಕಟ್ಟಿಕೊಂಡಿರಬಹುದು, ಗೈಡ್‌ಗಳು ಒಣಗುತ್ತಿರುತ್ತವೆ.

ಟೂಲ್ ಬದಲಾಗುವಾಗ ಅಥವಾ ಸ್ಪಿಂಡಲ್ ಹೊರಡುವಾಗ ಕಿಣಿಕಿಣಿ ಕೇಳಿದರೆ ಮುಂದೂಡಲೇ ಬೇಡಿ. ಟೂಲ್ ಹೋಲ್ಡರನ್ನು ಎಳೆದು ಹಿಡಿಯುವ ಡ್ರಾ ಬಾರ್‌ನ ಡಿಸ್ಕ್ ಸ್ಪ್ರಿಂಗ್ ಒಡೆದಿರಬಹುದು, ಹೋಲ್ಡರ್ ತುದಿಯ ಪುಲ್ ಸ್ಟಡ್ ಸಡಿಲವಾಗಿರಬಹುದು. ಹೋಲ್ಡರ್‌ನ ಟೇಪರ್ (ಸ್ಪಿಂಡಲ್ ಒಳಗೆ ಕೂರುವ ಶಂಕುವಿನಾಕಾರದ ಭಾಗ) ಮೇಲೆ ತುಕ್ಕಿನಂಥ ಕಂದು ಕಲೆ ಇದ್ದರೆ ಹಿಡಿತ ಕಡಿಮೆಯಾಗಿದೆಯೇ ಅಂತ ಗೇಜ್ ಹಾಕಿ ಅಳೆಸಿ. ಟೂಲ್ ಕಳಚಿ ಹಾರಿದರೆ ಮನುಷ್ಯರಿಗೇ ಅಪಾಯ.

ಹೆದರಬೇಕಿಲ್ಲದ ಸದ್ದುಗಳೂ ಇವೆ. ಝಡ್ ಮೋಟರ್ ನಿಂತಿದ್ದಾಗಲೂ ಸಣ್ಣಗೆ ಗುನುಗುತ್ತದೆ, ಹೆಡ್ ಭಾರ ಹಿಡಿದಿರುವುದು ಅದೇ ತಾನೆ. ಎಮರ್ಜೆನ್ಸಿ ಒತ್ತಿದಾಗ ಟಕ್ ಅನ್ನುವುದು ಅದರ ಬ್ರೇಕ್. ಹಲ್ಲಿನ ಬೆಲ್ಟ್ ವೇಗ ಹೆಚ್ಚಾದಂತೆ ತುಸು ಶಿಳ್ಳೆ ಹಾಕುತ್ತದೆ.

ಗ್ಯಾರೇಜಿನವರು ಬಳಸುವ ಕಡ್ಡಿಯಿರುವ ಸ್ಟೆತಸ್ಕೋಪ್ ಒಂದನ್ನು ತಂದಿಟ್ಟುಕೊಳ್ಳಿ. ಅದನ್ನು ನಿಂತ ಭಾಗಕ್ಕೆ, ಹೊರಗಿನಿಂದ ಮಾತ್ರ ಇಡಬೇಕು. ಸದ್ದು ಕೇಳಬೇಕು ಅಂತ ಬಾಗಿಲ ಇಂಟರ್‌ಲಾಕ್ (ಬಾಗಿಲು ತೆರೆದಿದ್ದರೆ ಓಡದಂತೆ ತಡೆಯುವ ವ್ಯವಸ್ಥೆ) ತಪ್ಪಿಸಿ ಸ್ಪಿಂಡಲ್ ಓಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಹೊಸದು ಕೊಳ್ಳುವವರು ಕಮಿಷನಿಂಗ್ (ಮೆಷಿನ್ ಕೂರಿಸಿ ಚಾಲೂ ಮಾಡುವ) ದಿನವೇ 1000ದಿಂದ 8000ದವರೆಗೆ ಪ್ರತಿ ವೇಗದ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಡಿ. ಮುಂದೆ ಹೋಲಿಸಲು ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಕಬ್ಬಿಣ, ಉಕ್ಕಿನ ಸಾಮಾನ್ಯ ಜಾಬ್‌ಗೆ ಇಂಥ ಮೆಷಿನ್ ಧೈರ್ಯವಾಗಿ ತೆಗೆದುಕೊಳ್ಳಬಹುದು. ದಿನವಿಡೀ ಅಲ್ಯೂಮಿನಿಯಂ, ಅದೂ ತುದಿಯ ವೇಗದಲ್ಲೇ ಓಡಿಸುವವರಾದರೆ ಡೈರೆಕ್ಟ್ ಡ್ರೈವ್ (ಬೆಲ್ಟ್ ಇಲ್ಲದೆ ಮೋಟರ್‌ಗೇ ಜೋಡಿಸಿದ) ಸ್ಪಿಂಡಲ್ ಇರುವುದನ್ನೇ ನೋಡಿ.