ಸೀನಿಯರ್ ಆಫೀಸಾ, ಲೀಗಲ್ ಸಪೋರ್ಟ್ ಕಂಪನಿಯಾ?

ಹಿರಿಯ ವಕೀಲರ ಆಫೀಸಿನಲ್ಲಿ ಜೂನಿಯರ್ ಆಗಿ ಕೋರ್ಟಿಗೆ ಹೋಗುವುದಾ, ಕೇಸಿನ ಕಾಗದ ಕೆಲಸ ಮಾಡಿಕೊಡುವ ಕಂಪನಿಗೆ ಸೇರುವುದಾ? ಎಲ್‌ಎಲ್‌ಬಿ ಮುಗಿಸಿದ ಹುಡುಗರು ಕೇಳುವುದು ಇದನ್ನೇ. ನಾನು ಎರಡೂ ಕಡೆ ಕೆಲಸ ಮಾಡಿದ್ದೇನೆ.

ಬೆಂಗಳೂರಿನ ಕಂಪನಿಯಲ್ಲಿ ನಮಗೆ ಬರುತ್ತಿದ್ದದ್ದು ಅಮೆರಿಕದ ದಾವೆಗಳು. ಅಲ್ಲಿ ವಿಚಾರಣೆಗೆ ಮೊದಲೇ ಎರಡೂ ಕಡೆಯವರು ಕೇಸಿನ ಇಮೇಲ್, ಕಾಗದಗಳನ್ನು ಒಬ್ಬರಿಗೊಬ್ಬರು ಕೊಡಬೇಕು. ಇದು ಕೇಸಿಗೆ ಬೇಕು, ಇದು ಬೇಡ, ಇದು ವಕೀಲರ ಜೊತೆಗಿನ ಗುಟ್ಟಿನ ಮಾತು, ಕೊಡುವಂತಿಲ್ಲ ಅಂತ ನಾವು ಗುರುತು ಹಾಕುತ್ತಿದ್ದೆವು. ತರಬೇತಿ ಅಚ್ಚುಕಟ್ಟು. ತಪ್ಪಿದರೆ ಅವತ್ತೇ ತೋರಿಸುತ್ತಾರೆ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ. ಆದರೆ ಕೇಸು ಏನಾಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ.

ಜಿಲ್ಲಾ ಕೋರ್ಟಿನಲ್ಲಿ ತರಬೇತಿ ಅಂತ ಯಾರೂ ಕೂರಿಸಿ ಕಲಿಸುವುದಿಲ್ಲ. ವಕಾಲತ್ತು (ಪಾರ್ಟಿ ಪರ ನಾವೇ ವಕೀಲರು ಅನ್ನುವ ಪತ್ರ) ಹಾಕುವುದು, ಆಫೀಸ್ ಆಬ್ಜೆಕ್ಷನ್ ಅಂದರೆ ಕೋರ್ಟ್ ಕಚೇರಿ ಕಾಗದದಲ್ಲಿ ತೋರಿಸಿದ ತಪ್ಪು ಸರಿಪಡಿಸುವುದು, ಕೋರ್ಟ್ ದಾಖಲೆಯ ನಕಲು ಅರ್ಜಿ, ಇವನ್ನೆಲ್ಲ ಹೇಳಿಕೊಟ್ಟವರು ನಮ್ಮ ಆಫೀಸಿನ ಗುಮಾಸ್ತರು. ಪ್ರತಿವಾದಿ ಸಮನ್ಸ್ ಸಿಕ್ಕ 30 ದಿನದಲ್ಲಿ, ಹೆಚ್ಚೆಂದರೆ 90 ದಿನದಲ್ಲಿ ಲಿಖಿತ ಹೇಳಿಕೆ ಕೊಡಬೇಕು ಅಂತ ಕಾಲೇಜಿನಲ್ಲೇ ಓದಿದ್ದೆ. ಗಡುವು ಹತ್ತಿರ ಬಂದ ಮೇಲೆ ಪಾರ್ಟಿ ಸಮನ್ಸ್ ಹಿಡಿದುಕೊಂಡು ಬಂದಾಗಲೇ ಅದರ ಬಿಸಿ ತಟ್ಟಿದ್ದು. ಪಾಟಿ ಸವಾಲು, ಅಂದರೆ ಎದುರು ಕಡೆಯ ಸಾಕ್ಷಿಗೆ ಪ್ರಶ್ನೆ ಹಾಕುವುದನ್ನಂತೂ ಕಂಡೇ ಕಲಿಯಬೇಕು. ಬೇಕಾದ ಉತ್ತರ ಸಿಕ್ಕ ಕೂಡಲೇ ನಮ್ಮ ಸೀನಿಯರ್ ಕೂತುಬಿಡುತ್ತಿದ್ದರು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕ್ಷಿಗೆ ಸಮಜಾಯಿಷಿ ಕೊಡಲು ದಾರಿ ಸಿಗುತ್ತಿತ್ತು, ಅಲ್ವಾ?

ಕಷ್ಟ ದುಡ್ಡಿನದ್ದು. ನನಗೆ ಸಿಕ್ಕಿದ್ದು ಬಸ್ಸಿಗೂ ಊಟಕ್ಕೂ ಸಾಲುವಷ್ಟು. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಅಂತ ವಕೀಲರ ವೃತ್ತಿ ನೋಡಿಕೊಳ್ಳುವ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರಲ್ಲಿ ಹೇಳಿತು. ಅದು ಸಲಹೆ ಅಷ್ಟೇ, ಕಡ್ಡಾಯವಲ್ಲ. ಇದು ನಿಜಕ್ಕೂ ಅನ್ಯಾಯ. ಮನೆಯಿಂದ ಆಸರೆ ಇಲ್ಲದ ಮಕ್ಕಳು ಇದೇ ಕಾರಣಕ್ಕೆ ಕೋರ್ಟು ಬಿಡುತ್ತಾರೆ.

ಜಡ್ಜ್ ಆಗುವ ಆಸೆ ಇದ್ದವರು ಇನ್ನೊಂದು ವಿಷಯ ನೋಡಬೇಕು. ಪೂರ್ತಿ ಸಮಯದ ಸಂಬಳದ ಕೆಲಸದಲ್ಲಿ ಇರುವವರೆಗೆ ವಕೀಲಿ ಮಾಡುವಂತಿಲ್ಲ. ಸಿವಿಲ್ ಜಡ್ಜ್ ಹುದ್ದೆಗೆ ಮೂರು ವರ್ಷದ ವಕೀಲಿ ಬೇಕು ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ (ಅವರ ಕಾನೂನು ಸಹಾಯಕ) ಆಗಿದ್ದ ಅನುಭವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತಲೂ ಹೇಳಿತು. ಕಂಪನಿಯ ನೌಕರಿ ಆ ಲೆಕ್ಕಕ್ಕೆ ಬರುವುದಿಲ್ಲ.

ಮನೆಯಲ್ಲಿ ಸಾಲ ಇದ್ದರೆ ಧೈರ್ಯವಾಗಿ ಕಂಪನಿ ಸೇರಿ. ವಾದ ಮಾಡುವ ಆಸೆ ಇದ್ದರೆ ನನ್ನ ಓಟು ಜಿಲ್ಲಾ ಕೋರ್ಟಿಗೆ. ಸೇರುವ ಮುಂಚೆ ಆ ಆಫೀಸಿನ ಹಳೆಯ ಜೂನಿಯರ್ ಒಬ್ಬರನ್ನು ಹುಡುಕಿ ಕೇಳಿ: ಸಾಕ್ಷಿ ವಿಚಾರಣೆ ಎಷ್ಟು ನಡೆಯುತ್ತದೆ, ಸುಮ್ನೆ ವಾಯಿದೆ (ಮುಂದಿನ ತಾರೀಖು) ಕೇಳೋಕೆ ಮಾತ್ರ ಕಳಿಸುತ್ತಾರಾ, ದುಡ್ಡು ಎಷ್ಟು ಕೊಡುತ್ತಾರೆ.