ಯೇಗರ್: ಸಮಯ ಎಲ್ಲಿ ಹೋಯಿತು ಅಂತ ತೋರಿಸುತ್ತದೆ, ಯಾಕೆ ಅಂತ ನಾವೇ ಹುಡುಕಬೇಕು

ಕ್ಲೌಡ್‌ನಲ್ಲಿರುವ ಆ್ಯಪ್ ನಿಧಾನ ಅಂತ ದೂರು ಬಂದರೆ ಸಾಮಾನ್ಯವಾಗಿ ಮೊದಲು ಹೊಳೆಯುವ ಉಪಾಯ ಸರ್ವರ್ ದೊಡ್ಡದು ಮಾಡುವುದು. ಸುಲಭ, ನಾಲ್ಕು ಕ್ಲಿಕ್ ಅಷ್ಟೇ. ಬಿಲ್ ಏರುತ್ತದೆ. ದೂರು ಮಾತ್ರ ಇದ್ದಲ್ಲೇ ಇರುತ್ತದೆ. ಇಂಥ ಕುರುಡು ಖರ್ಚು ತಪ್ಪಿಸಲಿಕ್ಕೆ ನಾನು ಕೆಲವು ವರ್ಷಗಳಿಂದ ಯೇಗರ್ (Jaeger) ಅನ್ನುವ, ಆ್ಯಪ್‌ನ ಸಮಯ ಎಲ್ಲೆಲ್ಲಿ ಕಳೆಯಿತು ಅಂತ ತೋರಿಸುವ ಸಾಧನ ಬಳಸುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಇದು ಇಷ್ಟ. ಆದರೆ ಇದನ್ನು ಹಾಕಿಕೊಂಡ ಮಾತ್ರಕ್ಕೆ ಆ್ಯಪ್ ಚುರುಕಾಗುತ್ತದೆ ಅಂದುಕೊಂಡವರಿಗೆ ನಿರಾಸೆ ಗ್ಯಾರಂಟಿ.

ಗೊತ್ತಿಲ್ಲದವರಿಗೆ ಚಿಕ್ಕ ಪರಿಚಯ. ಯೇಗರ್ ಹುಟ್ಟಿದ್ದು ಊಬರ್ ಕಂಪನಿಯೊಳಗೆ, 2015ರಲ್ಲಿ. 2017ರಲ್ಲಿ ಓಪನ್ ಸೋರ್ಸ್ ಆಯಿತು, ಅದೇ ವರ್ಷ ಇಂಥ ಕ್ಲೌಡ್ ತಂತ್ರಾಂಶಗಳನ್ನು ಪೋಷಿಸುವ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ ಸೇರಿತು. ಬಳಕೆದಾರ ಒಂದು ಬಟನ್ ಒತ್ತಿದರೆ ಆ ರಿಕ್ವೆಸ್ಟ್ ಹತ್ತಾರು ಸರ್ವೀಸ್‌ಗಳನ್ನು (ಆ್ಯಪ್‌ನ ಬೇರೆ ಬೇರೆ ಭಾಗಗಳನ್ನು) ದಾಟಿ ಹೋಗುತ್ತದಲ್ಲ, ಅದರ ಒಂದೊಂದು ಹಂತ ಯಾವಾಗ ಶುರುವಾಯಿತು, ಎಷ್ಟು ಹೊತ್ತು ಹಿಡಿಯಿತು ಅನ್ನುವುದು ಒಂದೊಂದು ಸ್ಪ್ಯಾನ್. ಎಲ್ಲ ಸ್ಪ್ಯಾನ್ ಸೇರಿದರೆ ಒಂದು ಟ್ರೇಸ್. ಯೇಗರ್ ಇವನ್ನು ತೆರೆಯ ಮೇಲೆ ಒಂದರ ಕೆಳಗೊಂದು ಅಡ್ಡಪಟ್ಟಿಗಳಾಗಿ ಜೋಡಿಸಿ ತೋರಿಸುತ್ತದೆ.

ಇದರ ಬೆಲೆ ನನಗೆ ಗೊತ್ತಾಗಿದ್ದು ಒಂದು ಆರ್ಡರ್ ಪಟ್ಟಿಯ ಪೇಜಿನಿಂದ. ಗ್ರಾಫ್‌ನಲ್ಲಿ ಸರಾಸರಿ 200 ಮಿಲಿಸೆಕೆಂಡ್, ಚೆನ್ನಾಗಿಯೇ ಇತ್ತು. ಆದರೆ ಪಿ99 ಮೂರು ಸೆಕೆಂಡ್ ದಾಟುತ್ತಿತ್ತು. ಅಂದರೆ ನೂರು ರಿಕ್ವೆಸ್ಟ್‌ಗಳಲ್ಲಿ ಒಂದು ಅಷ್ಟು ಹೊತ್ತು ಕಾಯುತ್ತಿತ್ತು. ಯೇಗರ್‌ನ ಹುಡುಕಾಟದಲ್ಲಿ ಸರ್ವೀಸ್ ಆರಿಸಿ, ಕನಿಷ್ಠ ಅವಧಿ ಎರಡು ಸೆಕೆಂಡ್ ಅಂತ ಹಾಕಿ ಒಂದು ಟ್ರೇಸ್ ತೆರೆದೆವು. ತೆರೆ ತುಂಬ ಮೆಟ್ಟಿಲು! ಐದೈದು ಮಿಲಿಸೆಕೆಂಡಿನ ಡೇಟಾಬೇಸ್ ಸ್ಪ್ಯಾನ್‌ಗಳು, ಒಂದು ಮುಗಿದ ಮೇಲೆ ಇನ್ನೊಂದು, ನೂರಾರು. ಕೋಡ್ ಮೊದಲು ಆರ್ಡರ್‌ಗಳ ಪಟ್ಟಿ ತಂದು, ಆಮೇಲೆ ಪ್ರತಿ ಆರ್ಡರ್‌ಗೂ ಡೇಟಾಬೇಸ್‌ಗೆ ಪ್ರತ್ಯೇಕ ಕ್ವೆರಿ (ಪ್ರಶ್ನೆ) ಕಳಿಸುತ್ತಿತ್ತು. ಹಳೆಯ ಗ್ರಾಹಕರಿಗೆ ಆರ್ಡರ್ ಜಾಸ್ತಿ, ಹಾಗಾಗಿ ಪೆಟ್ಟು ಬೀಳುತ್ತಿದ್ದದ್ದೂ ಅವರಿಗೇ.

ನಿಧಾನದ ಕ್ವೆರಿಗಳನ್ನು ಡೇಟಾಬೇಸ್ ಬರೆದಿಡುವ ಸ್ಲೋ ಕ್ವೆರಿ ಲಾಗ್‌ನಲ್ಲಿ ಇದು ಯಾಕೆ ಸಿಗಲಿಲ್ಲ ಅಂದರೆ, ಒಂದೊಂದು ಕ್ವೆರಿಯೂ ಬಿಡಿಯಾಗಿ ನೋಡಿದರೆ ಚುರುಕೇ. ಡೆವಲಪರ್ ಲ್ಯಾಪ್‌ಟಾಪ್‌ನಲ್ಲೂ ಸಿಗುವುದಿಲ್ಲ. ಅಲ್ಲಿ ಆ್ಯಪ್, ಡೇಟಾಬೇಸ್ ಎರಡೂ ಒಂದೇ ಯಂತ್ರದಲ್ಲಿ, ಟೆಸ್ಟ್ ಯೂಸರ್‌ಗೆ ಇರುವುದು ಹತ್ತು ಆರ್ಡರ್. ಕ್ಲೌಡ್‌ನಲ್ಲಿ ಅವೆರಡು ಬೇರೆ ಬೇರೆ ಜೋನ್‌ನಲ್ಲಿ, ಅಂದರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ ಇದ್ದರೆ ಪ್ರತಿ ಕ್ವೆರಿಗೂ ಹೋಗಿ ಬರುವ ಹೊತ್ತು ಸೇರುತ್ತದೆ. ಒಂದು ಜಾಯಿನ್ (ಎರಡು ಪಟ್ಟಿಗಳನ್ನು ಒಟ್ಟಿಗೇ ಜೋಡಿಸಿ ತರುವ ಕ್ವೆರಿ) ಬರೆದು ನೂರಾರು ಕ್ವೆರಿಗಳನ್ನು ಒಂದಕ್ಕಿಳಿಸಿದ ಮೇಲೆ ಆ ಪೇಜಿನ ದೂರು ನಿಂತಿತು. ಸರ್ವರ್ ಮುಟ್ಟಲೇ ಇಲ್ಲ.

ಮೆಟ್ಟಿಲು ಯಾರ ಕಣ್ಣಿಗಾದರೂ ಬೀಳುತ್ತದೆ ಬಿಡಿ. ನನ್ನ ಪ್ರಕಾರ ಟ್ರೇಸ್‌ನಲ್ಲಿ ನಿಜವಾಗಿ ನೋಡಬೇಕಾದದ್ದು ಖಾಲಿ ಜಾಗ. ಮೇಲಿನ ಸ್ಪ್ಯಾನ್ 900 ಮಿಲಿಸೆಕೆಂಡ್ ಉದ್ದ, ಒಳಗಿನ ಸ್ಪ್ಯಾನ್‌ಗಳೆಲ್ಲ 120ಕ್ಕೇ ಮುಗಿದಿವೆ, ಉಳಿದದ್ದು ಬರೀ ಬಿಳಿ. ಅಷ್ಟು ಹೊತ್ತು ಆ್ಯಪ್ ಏನು ಮಾಡುತ್ತಿತ್ತು? ಕಾರಣ ಕನೆಕ್ಷನ್ ಪೂಲ್‌ನಲ್ಲಿ ಡೇಟಾಬೇಸ್ ಸಂಪರ್ಕ ಖಾಲಿಯಾಗಲಿ ಅಂತ ಕಾಯುವುದು ಇರಬಹುದು, ಗಾರ್ಬೇಜ್ ಕಲೆಕ್ಷನ್ (ಬೇಡದ ಮೆಮೊರಿ ತೆರವು ಮಾಡುವುದು) ಇರಬಹುದು. ನಮ್ಮ ವಿಷಯದಲ್ಲಿ ಸಿಪಿಯು ಥ್ರಾಟ್ಲಿಂಗ್, ಅಂದರೆ ಪಾಲು ಮುಗಿದ ಆ್ಯಪ್ ಅನ್ನು ತಡೆದು ನಿಲ್ಲಿಸುವುದು, ಆಗಿತ್ತು. ಗ್ರಾಫ್ ನೋಡಿದರೆ ಸಿಪಿಯು ಬಳಕೆ ಲಿಮಿಟ್‌ನ ಅರ್ಧಕ್ಕೂ ಬಂದಿರಲಿಲ್ಲ, ಅದೇ ದಾರಿ ತಪ್ಪಿಸಿದ್ದು.

ಕುಬರ್ನೆಟಿಸ್‌ನಲ್ಲಿ (ಕಂಟೇನರ್‌ಗಳನ್ನು ಓಡಿಸುವ ವ್ಯವಸ್ಥೆ) ಆ್ಯಪ್ ಇರುವ ಕಂಟೇನರ್‌ಗೆ ಅರ್ಧ ಸಿಪಿಯು ಲಿಮಿಟ್ ಕೊಟ್ಟಿದ್ದೀರಿ ಅನ್ನಿ. ಲಿನಕ್ಸ್ ಅದನ್ನು ಲೆಕ್ಕ ಹಾಕುವುದು 100 ಮಿಲಿಸೆಕೆಂಡಿನ ಕಂತುಗಳಲ್ಲಿ. ಕಂತಿಗೆ ಸಿಗುವುದು 50 ಮಿಲಿಸೆಕೆಂಡ್. ಆ್ಯಪ್‌ನ ನಾಲ್ಕು ಥ್ರೆಡ್ (ಸಮಾನಾಂತರವಾಗಿ ನಡೆಯುವ ಕೆಲಸ) ಒಟ್ಟಿಗೆ ಓಡಿದರೆ ಹನ್ನೆರಡೂವರೆ ಮಿಲಿಸೆಕೆಂಡಿಗೇ ಪಾಲು ಖಾಲಿ. ಮುಂದಿನ ಕಂತು ಬರುವವರೆಗೂ ಸುಮ್ನೆ ಕೂರಬೇಕು. ನಿಮಿಷದ ಸರಾಸರಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ. ಈ ಪಾಲು ನೋಡಿಕೊಳ್ಳುವ ಲಿನಕ್ಸ್‌ನ ಸಿಗ್ರೂಪ್‌ನ ಸಿಪಿಯು ಸ್ಟ್ಯಾಟ್ ಫೈಲ್‌ನಲ್ಲಿ ಎಷ್ಟು ಕಂತು ಥ್ರಾಟಲ್ ಆಯಿತು ಅನ್ನುವ ಲೆಕ್ಕ ಇರುತ್ತದೆ, ಅಲ್ಲಿ ನೋಡಬೇಕು. ಇಲ್ಲೇ ಯೇಗರ್‌ನ ಮಿತಿಯೂ ಗೊತ್ತಾಗುವುದು. ಖಾಲಿ ಜಾಗ ತೋರಿಸಿದ್ದು ಯೇಗರ್, ಕಾರಣ ಸಿಕ್ಕಿದ್ದು ಬೇರೆ ಕಡೆ.

ಡಿಸ್ಕ್ ಕಥೆಯೂ ಹೀಗೇ. ಡೇಟಾಬೇಸ್ ಸ್ಪ್ಯಾನ್ ಬೆಳಿಗ್ಗೆ ಚಿಕ್ಕದು, ಅದೇ ಕ್ವೆರಿ ಮಧ್ಯಾಹ್ನ ಉದ್ದ. ಇಂಥದ್ದು ಕಂಡರೆ ನಾನು ಮೊದಲು ನೋಡುವುದು ಬರ್ಸ್ಟ್ ಕ್ರೆಡಿಟ್, ಅಂದರೆ ಡಿಸ್ಕ್ ಸ್ವಲ್ಪ ಹೊತ್ತು ಹೆಚ್ಚು ವೇಗ ಪಡೆಯಲು ಕೂಡಿಟ್ಟ ಪಾಲು. ಉದಾಹರಣೆಗೆ, ಅಮೆಜಾನ್‌ನ ಜಿಪಿ2 ಡಿಸ್ಕ್ 100 ಜಿಬಿ ಇದ್ದರೆ ಅದರ ಖಾಯಂ ವೇಗ ಸೆಕೆಂಡಿಗೆ 300 ಐಒ (ಓದು-ಬರಹ) ಮಾತ್ರ. ಕ್ರೆಡಿಟ್ ಇರುವವರೆಗೆ 3000ಕ್ಕೆ ಏರುತ್ತದೆ, ಮುಗಿದರೆ ವಾಪಸ್ 300. ಜಿಪಿ3ಯಲ್ಲಿ ಡಿಸ್ಕ್ ಚಿಕ್ಕದಿದ್ದರೂ 3000 ಖಾಯಂ ಸಿಗುತ್ತದೆ. ಇದೆಲ್ಲ ಅವರ ದಾಖಲೆಗಳಲ್ಲೇ ಇದೆ, ಆದರೆ ಟ್ರೇಸ್ ನೋಡಿ ತಿಳಿಯುವಂಥದ್ದಲ್ಲ.

ಎರಡು ಟ್ರೇಸ್‌ಗಳನ್ನು ಹೋಲಿಸುವ ಸೌಲಭ್ಯ ಇದೆ, ಅದನ್ನು ಬಳಸುವವರು ಕಡಿಮೆ, ಯಾಕೋ ಗೊತ್ತಿಲ್ಲ. ಒಂದು ಚುರುಕಾದದ್ದು, ಒಂದು ನಿಧಾನದ್ದು ಕೊಟ್ಟರೆ ಯಾವ ಹಂತ ಹೆಚ್ಚಾಗಿದೆ, ಯಾವುದು ಕಾಣೆಯಾಗಿದೆ ಅಂತ ಬಣ್ಣದಲ್ಲಿ ತೋರಿಸುತ್ತದೆ. ಹೊಸ ರಿಲೀಸ್ ಬಿಟ್ಟ ದಿನ ನನಗೆ ಇದಿಲ್ಲದೆ ಆಗುವುದಿಲ್ಲ.

ಈಗ ಗೊಣಗಾಟ. ದೊಡ್ಡ ತಲೆನೋವು ಸ್ಯಾಂಪ್ಲಿಂಗ್, ಅಂದರೆ ಯಾವ ಟ್ರೇಸ್ ಉಳಿಸುವುದು ಅಂತ ಆರಿಸುವುದು. ಎಲ್ಲ ಟ್ರೇಸ್ ಉಳಿಸಿದರೆ ಅವನ್ನು ಇಡುವ ಎಲಾಸ್ಟಿಕ್‌ಸರ್ಚ್ ಡೇಟಾಬೇಸಿನ ಡಿಸ್ಕ್ ತುಂಬಿ ತುಳುಕುತ್ತದೆ. ಯೇಗರ್‌ನ ಹಳೆಯ ಲೈಬ್ರರಿಗಳು ಬೇರೆ ಏನೂ ಹೇಳದಿದ್ದರೆ ಸಾವಿರಕ್ಕೆ ಒಂದನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದವು. ಅಪರೂಪಕ್ಕೆ ನಿಧಾನ ಆಗುವ ರಿಕ್ವೆಸ್ಟ್ ಆ ಒಂದರಲ್ಲೇ ಬೀಳಬೇಕಲ್ವಾ? ಬೀಳುವುದಿಲ್ಲ. ಇದಕ್ಕೆ ಮದ್ದು ಟೈಲ್ ಸ್ಯಾಂಪ್ಲಿಂಗ್. ಟ್ರೇಸ್ ಬರಲು ಸ್ವಲ್ಪ ಹೊತ್ತು ಕಾದು, ನಿಧಾನದ್ದು ಮತ್ತು ಎರರ್ ಬಂದದ್ದು ಮಾತ್ರ ಉಳಿಸುವುದು. ಆ್ಯಪ್‌ಗಳಿಂದ ಟ್ರೇಸ್ ಸಂಗ್ರಹಿಸಿ ಮುಂದೆ ಕಳಿಸುವ ಓಪನ್‌ಟೆಲಿಮೆಟ್ರಿ ಕಲೆಕ್ಟರ್‌ನಲ್ಲಿ ಇದು ಸಿಗುತ್ತದೆ, ಹೇಳದಿದ್ದರೆ 30 ಸೆಕೆಂಡ್ ಕಾಯುತ್ತದೆ. ಆದರೆ ಒಂದು ಟ್ರೇಸ್‌ನ ಸ್ಪ್ಯಾನ್‌ಗಳೆಲ್ಲ ಒಂದೇ ಕಲೆಕ್ಟರ್‌ಗೆ ಬಂದು ಸೇರಬೇಕು, ಅಲ್ಲಿಯವರೆಗೆ ಮೆಮೊರಿಯಲ್ಲಿರಬೇಕು. ಟ್ರಾಫಿಕ್ ಜಾಸ್ತಿ ಇದ್ದರೆ ಆ ಕಲೆಕ್ಟರ್‌ಗಳನ್ನು ನೋಡಿಕೊಳ್ಳುವುದೇ ಒಂದು ಕೆಲಸ.

ಇನ್ನೊಂದು, ಮೆಸೇಜ್ ಕ್ಯೂ, ಅಂದರೆ ಸರ್ವೀಸ್‌ಗಳ ನಡುವೆ ಸಂದೇಶಗಳು ಕಾಯುವ ಸಾಲು. ಎಚ್‌ಟಿಟಿಪಿ ಕರೆಗಳಲ್ಲಿ ಟ್ರೇಸ್‌ನ ಗುರುತು ಹೆಡರ್‌ನಲ್ಲಿ ತಾನಾಗಿ ಸಾಗುತ್ತದೆ. ಕ್ಯೂ ನಡುವೆ ಬಂದರೆ ಎಷ್ಟೋ ಸಲ ಅದನ್ನು ನಾವೇ ಮೆಸೇಜ್‌ಗೆ ಸೇರಿಸಬೇಕು. ಸೇರಿಸದಿದ್ದರೆ ಟ್ರೇಸ್ ಅಲ್ಲಿಗೇ ತುಂಡು, ಆ ಕಡೆ ಯಾರದ್ದೋ ಅನಾಥ ಟ್ರೇಸ್ ಶುರು. ಯೇಗರ್‌ನಲ್ಲಿ ಅಲರ್ಟ್ ಇಲ್ಲ, ಅದಕ್ಕೆ ಪ್ರೊಮಿಥಿಯಸ್ ಥರದ ನಿಗಾ ಸಾಧನ ಪಕ್ಕದಲ್ಲಿ ಬೇಕೇ ಬೇಕು. ತೆರೆಗೆ ಲಾಗಿನ್ ಕೂಡ ಇಲ್ಲ. ಸ್ಪ್ಯಾನ್‌ಗೆ ಅಂಟಿಸುವ ವಿವರಗಳಾದ ಟ್ಯಾಗ್‌ಗಳಲ್ಲಿ ಗ್ರಾಹಕರ ಇಮೇಲ್, ಕ್ವೆರಿಯ ಪೂರ್ತಿ ಪಠ್ಯ ಎಲ್ಲ ಬಂದು ಕೂರುವ ಸಾಧ್ಯತೆ ಇರುವಾಗ ಅದನ್ನು ಹಾಗೇ ತೆರೆದಿಡುವುದು ಅಪಾಯ. ಮುಂದೆ ಲಾಗಿನ್ ಕೇಳುವ ಒಂದು ಪ್ರಾಕ್ಸಿ (ನಡುವಿನ ಸರ್ವರ್) ಇಟ್ಟು ಬಾಗಿಲು ಹಾಕಿಕೊಳ್ಳಿ.

ಹೊಸದಾಗಿ ಶುರು ಮಾಡುವವರು 2024ರ ನವೆಂಬರ್‌ನಲ್ಲಿ ಬಂದ ಎರಡನೇ ಆವೃತ್ತಿಯನ್ನೇ ಹಾಕಿಕೊಳ್ಳುವುದು ಒಳ್ಳೆಯದು. ಅದು ಓಪನ್‌ಟೆಲಿಮೆಟ್ರಿ ಕಲೆಕ್ಟರ್ ಮೇಲೇ ಕಟ್ಟಿದ್ದು, ಸೆಟ್ಟಿಂಗ್ ಎಲ್ಲ ಒಂದೇ ಯಾಮಲ್ (YAML) ಪಠ್ಯ ಫೈಲ್‌ನಲ್ಲಿ. ಹಳೆಯದರಿಂದ ಬರುವವರ ಕಮಾಂಡ್ ಲೈನ್ ಫ್ಲ್ಯಾಗ್‌ಗಳು ಇಲ್ಲಿ ನಡೆಯುವುದಿಲ್ಲ, ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಪ್ರಯೋಗಕ್ಕೆ ಸುಮ್ನೆ ಓಡಿಸಿ ನೋಡುವಾಗ ಟ್ರೇಸ್‌ಗಳು ಮೆಮೊರಿಯಲ್ಲಷ್ಟೇ ಇರುತ್ತವೆ, ರೀಸ್ಟಾರ್ಟ್ ಮಾಡಿದರೆ ಎಲ್ಲ ಹೋಯಿತು. ಅದನ್ನೇ ಪ್ರೊಡಕ್ಷನ್‌ಗೆ ಒಯ್ಯುವ ಮುಂಚೆ ಸ್ಟೋರೇಜ್ ಬದಲಾಯಿಸಿ.