ಟೈಮಿಂಗ್ ಬೆಲ್ಟ್ ಒಂದನ್ನೇ ಬದಲಿಸಿ ಸುಮ್ಮನಾಗಬೇಡಿ

ಕಾರು ಲಕ್ಷ ಕಿ.ಮೀ. ದಾಟಿದೆಯಾ? ಟೈಮಿಂಗ್ ಬೆಲ್ಟ್ ಕೆಲಸಕ್ಕೆ ಗ್ಯಾರೇಜಿಗೆ ಬಿಡುವ ಮುಂಚೆ ಇದನ್ನು ಓದಿ. ಇಂಜಿನ್ನಿನಲ್ಲಿ ಪಿಸ್ಟನ್ ಏರಿಳಿಯೋದಕ್ಕೂ ವಾಲ್ವ್ ತೆರೆದು ಮುಚ್ಚೋದಕ್ಕೂ ತಾಳ ಹೊಂದಿಸುವ ರಬ್ಬರ್ ಪಟ್ಟಿ ಅದು. ಬೆಲ್ಟ್ ಬದಲಿಸದೆ ಇಂಜಿನ್ ಕೆಡಿಸಿಕೊಂಡವರು ತುಂಬ ಜನ ಇದ್ದಾರೆ. ನಾನು ಬದಲಿಸಿಯೂ ಕೆಡಿಸಿಕೊಂಡವನು.

ನನ್ನದು 2014ರ ಡೀಸೆಲ್ ಗಾಡಿ. 1,38,000 ಓಡಿದಾಗ, ಕೆಡುವ ಮುಂಚೆಯೇ ಬೆಲ್ಟ್ ಹಾಕಿಸೋಣ ಅಂತ ಹಾಸನದ ಒಂದು ಗ್ಯಾರೇಜಿಗೆ ಬಿಟ್ಟೆ. ಹೆಸರು ಬೇಡ. ನನ್ನ ಇಂಜಿನ್ನಿನಲ್ಲಿ, ತಂಪಾಗಿಡುವ ಕೂಲೆಂಟ್ ನೀರನ್ನು ಹರಿಸುವ ವಾಟರ್ ಪಂಪನ್ನು ತಿರುಗಿಸುವುದೂ ಅದೇ ಟೈಮಿಂಗ್ ಬೆಲ್ಟ್. ಅದು ನನಗೆ ಗೊತ್ತಿತ್ತು, ಅದಕ್ಕೇ ಕೇಳಿದೆ: “ಪಂಪೂ ಬದಲಿಸಿಬಿಡೋಣ್ವಾ?” ಅವನು, “ಪಂಪ್ ಸೋರ್ತಿಲ್ಲ ಸಾರ್, ಸುಮ್ನೆ ಯಾಕೆ ಮೂರು ಸಾವಿರ ಖರ್ಚು?” ಅಂದ. ಒಳ್ಳೆ ಹುಡುಗ, ನನ್ನ ದುಡ್ಡು ಉಳಿಸ್ತಿದ್ದಾನೆ ಅಂದುಕೊಂಡೆ. ಅದೇ ಹುಡುಗ ಇಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್ ಅಂತ 4,200 ಸೇರಿಸಿದ. ಅದಕ್ಕೂ ತಲೆಯಾಡಿಸಿದೆ. ಬಿಲ್ಲಿನಲ್ಲಿ ‘ಟೈಮಿಂಗ್ ಬೆಲ್ಟ್ ವರ್ಕ್’ ಅಂತ ಒಂದೇ ಸಾಲು ಇತ್ತು. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಹೊಸದು ಹಾಕಿದ್ದಾರಾ, ಇಲ್ವಾ? ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ತೆಗೆದ ಹಳೇ ಸಾಮಾನನ್ನೂ ಕೇಳಿ ತಗೊಳ್ಳಲಿಲ್ಲ.

ಹದಿನೆಂಟು ಸಾವಿರ ಕಿ.ಮೀ. ಆರಾಮಾಗಿ ಓಡಿತು. ಆರಾಮಾಗಿ ಅಂತ ಈಗ ಹೇಳೋದು ತಪ್ಪು. ಕೊನೆಯ ಎರಡು ತಿಂಗಳು ಗಾಡಿ ಹೇಳ್ತಾನೇ ಇತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ‘ಕುಂಯ್’ ಅಂತ ಸಣ್ಣ ಸದ್ದು, ಎರಡು ನಿಮಿಷಕ್ಕೆ ಮಾಯ. ಹಾಸನದ ಚಳಿಗೆ ಫ್ಯಾನ್ ಬೆಲ್ಟ್ ಕಿರುಗುಡ್ತಿರಬೇಕು ಅಂದುಕೊಂಡೆ. ಕೂಲೆಂಟ್ ಡಬ್ಬಿಯಲ್ಲಿ ಹದಿನೈದು ದಿನಕ್ಕೊಮ್ಮೆ ಒಂದು ಬೆರಳಿನಷ್ಟು ಕಮ್ಮಿಯಾಗ್ತಿತ್ತು. ಬಾಟಲಿಯಿಂದ ನೀರು ಸುರಿದು ಬಾನೆಟ್ ಮುಚ್ಚುತ್ತಿದ್ದೆ. ನೆಲದ ಮೇಲೆ ಒಂದು ಹನಿ ಕಾಣಿಸುತ್ತಿರಲಿಲ್ಲ. ಹಾಗಾದ್ರೆ ನೀರು ಎಲ್ಲಿಗೆ ಹೋಗ್ತಿದೆ ಅಂತ ಒಂದು ಸಲವೂ ಯೋಚಿಸಲಿಲ್ಲ.

ಅಮ್ಮನಿಗೆ ಕುಕ್ಕೆಯಲ್ಲಿ ಆಶ್ಲೇಷ ಬಲಿ ಮಾಡಿಸಬೇಕಿತ್ತು. ನಸುಕಿನಲ್ಲೇ ಹೊರಟೆವು. ಬಾಳುಪೇಟೆ ದಾಟಿ ಸಕಲೇಶಪುರ ಇನ್ನೇನು ಬಂತು ಅನ್ನುವಾಗ ‘ಪಟ್’ ಅಂತ ಒಂದು ಸದ್ದು. ದೊಡ್ಡ ಸದ್ದೇನಲ್ಲ, ಕಲ್ಲು ಸಿಡಿದ ಹಾಗೆ. ಇಂಜಿನ್ ಆಫ್. ಸ್ಟೇರಿಂಗ್ ಕಲ್ಲಿನ ಹಾಗೆ ಬಿಗಿಯಾಯಿತು. ಬ್ರೇಕ್ ಎರಡು ಸಲ ಕೇಳಿತು, ಮೂರನೇ ಸಲಕ್ಕೆ ಪೆಡಲ್ ಮೇಲೆ ಎದ್ದು ನಿಲ್ಲಬೇಕಾಯಿತು. ಹಿಂದೆ ಲಾರಿ ಇರಲಿಲ್ಲ, ಪುಣ್ಯ. ಇನ್ನರ್ಧ ಗಂಟೆ ಕಳೆದಿದ್ದರೆ ಶಿರಾಡಿ ಘಾಟಿ ಇಳೀತಾ ಇರ್ತಿದ್ವಿ.

ಆಮೇಲೆ ನಾನು ಮಾಡಿದ್ದು ದಡ್ಡತನ. ಸೆಲ್ಫ್ ಹೊಡೆದೆ. ಇಂಜಿನ್ ಎಂದಿನ ಹಾಗೆ ದಮ್ಮು ಕಟ್ಟಿ ತಿರುಗಲಿಲ್ಲ, ಮಿಕ್ಸಿ ಖಾಲಿ ತಿರುಗಿದ ಹಾಗೆ ಗಿರ್ರನೆ ತಿರುಗಿತು. ಬ್ಯಾಟರಿ ಚೆನ್ನಾಗಿದೆಯಲ್ಲ ಅಂತ ಇನ್ನೂ ನಾಲ್ಕು ಸಲ ಹೊಡೆದೆ. ಓಡುವಾಗ ನಿಂತ ಡೀಸೆಲ್ ಇಂಜಿನ್ ಹೀಗೆ ಹಗುರಾಗಿ ತಿರುಗಿದರೆ ಕಂಪ್ರೆಷನ್ ಇಲ್ಲ, ಅಂದ್ರೆ ಒಳಗೆ ಗಾಳಿ ಒತ್ತಿಕೊಳ್ತಿಲ್ಲ ಅಂತ ಅರ್ಥ, ಬೆಲ್ಟ್ ಹೋಗಿದೆ. ಕೀ ತೆಗೆದು ಜೇಬಿಗೆ ಹಾಕಿ. ತೆರೆದೇ ನಿಂತ ವಾಲ್ವಿಗೆ ಪಿಸ್ಟನ್ ಬಂದು ಗುದ್ದುತ್ತೆ. ಒಂದೊಂದು ಸೆಲ್ಫಿಗೂ ಡ್ಯಾಮೇಜ್ ಹೆಚ್ಚಾಗಬಹುದು.

ಟೋಯಿಂಗ್ ಗಾಡಿಯಲ್ಲಿ ವಾಪಸ್ ಹಾಸನಕ್ಕೆ. ಈ ಸಲ ಬೇರೆ ಮೆಕ್ಯಾನಿಕ್, ವಯಸ್ಸಾದವರು. ಟೈಮಿಂಗ್ ಕವರ್ ಬಿಚ್ಚಿ, “ಬನ್ನಿ, ನೀವೇ ನೋಡಿ” ಅಂದರು. ಬೆಲ್ಟಿನ ಒಂದು ಅಂಚು ಸೆಣಬಿನ ಹಗ್ಗದ ಹಾಗೆ ನೂಲುನೂಲಾಗಿತ್ತು. ಪಂಪಿನ ರಾಟೆಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು, ಸಡಿಲ ಹಲ್ಲಿನ ಹಾಗೆ ಅಲ್ಲಾಡಿತು. ಸೀಲ್ ಹೋದರೆ ನೀರು ಹೊರಬರಲಿ ಅಂತ ಪಂಪಿನಲ್ಲಿ ಒಂದು ಸಣ್ಣ ತೂತು ಇರುತ್ತೆ. ಅದರ ಕೆಳಗೆ ಒಣಗಿದ ಕೂಲೆಂಟಿನ ಗೆರೆ, ಉಪ್ಪು ಕಟ್ಟಿದ ಹಾಗೆ. ನನ್ನ ಬಾಟಲಿ ನೀರೆಲ್ಲ ಕವರಿನೊಳಗೇ ಸೋರಿ, ಬಿಸಿಗೆ ಆರಿ ಹೋಗ್ತಿತ್ತು. ಬೇರಿಂಗ್ ಸವೆದು ರಾಟೆ ವಾಲಿತ್ತು, ಬೆಲ್ಟ್ ಪಕ್ಕಕ್ಕೆ ಸರಿದು ಕವರಿಗೆ ಉಜ್ಜಿ ಹರಿದಿತ್ತು. ಟೆನ್ಷನರ್ ಕೂಡ ಗಾಡಿ ಜೊತೆ ಬಂದದ್ದೇ, ಹಳೇದು.

ಎಂಟರಲ್ಲಿ ಐದು ವಾಲ್ವ್ ಬಾಗಿದ್ದವು. ವಾಲ್ವ್ ಕೂರುವ ಇಂಜಿನ್ನಿನ ಮೇಲ್ಭಾಗ, ಅಂದ್ರೆ ಹೆಡ್, ಬಿಚ್ಚಿ ಲೇತಿಗೆ ಕಳಿಸಿ, ಹೊಸ ಗ್ಯಾಸ್ಕೆಟ್, ಬೆಲ್ಟ್, ಪಂಪ್, ಟೆನ್ಷನರ್, ಬೆಲ್ಟಿಗೆ ದಾರಿ ಕೊಡುವ ಐಡ್ಲರ್ ರಾಟೆ, ಆಯಿಲ್ ಸೀಲ್ ಎಲ್ಲ ಸೇರಿ 74 ಸಾವಿರ. ಹನ್ನೊಂದು ದಿನ. ಮೊದಲಿನ ಗ್ಯಾರೇಜಿಗೆ ಹೋಗಿ ಕೇಳಿದರೆ, “ಬೆಲ್ಟ್ ನಾವು ಹಾಕಿದ್ದು ಸಾರ್, ಪಂಪ್ ನಮ್ಮದಲ್ಲವಲ್ಲ” ಅಂದರು. ಬಿಲ್ ನೋಡಿದರೆ ಅವರ ಮಾತು ಸರಿಯೇ!

ಬೆಲ್ಟ್ ತಲುಪೋಕೆ ಬಿಚ್ಚುವ ಕೂಲಿ ಒಂದೇ. ಹಾಗಾಗಿ ಬಿಚ್ಚಿದಾಗಲೇ ಟೆನ್ಷನರ್, ಐಡ್ಲರ್ ಹಾಕಿಸಿ, ಬೆಲ್ಟೇ ಪಂಪ್ ತಿರುಗಿಸುವ ಇಂಜಿನ್ ಆದರೆ ಪಂಪೂ ಹಾಕಿಸಿ. ಒಂದೊಂದನ್ನೂ ಬಿಲ್ಲಿನಲ್ಲಿ ಬೇರೆ ಬೇರೆ ಬರೆಸಿ. ಹಳೇದನ್ನು ಕೈಗೆ ತಗೊಳ್ಳಿ. ಮ್ಯಾನುಯಲ್ಲಿನಲ್ಲಿ ಕಿ.ಮೀ. ಜೊತೆ ವರ್ಷದ ಲೆಕ್ಕವೂ ಇದ್ದರೆ, ಯಾವುದು ಮೊದಲು ಬರುತ್ತೋ ಅದನ್ನೇ ಹಿಡಿಯಿರಿ. ಕಮ್ಮಿ ಓಡಿದ ಗಾಡಿಯ ರಬ್ಬರಿಗೂ ವಯಸ್ಸಾಗುತ್ತೆ.

ಹಾಗಂತ ಬೆಲ್ಟ್ ಅಂದ ಕೂಡಲೇ ದುಡ್ಡು ಬಿಚ್ಚಬೇಡಿ. ಪಕ್ಕದ ಮನೆಯವರ ಡೀಸೆಲ್ ಸ್ವಿಫ್ಟಿಗೂ ಆ ಮೊದಲಿನ ಗ್ಯಾರೇಜಿನವರು ಟೈಮಿಂಗ್ ಬೆಲ್ಟ್ ಅಂತ ಎಸ್ಟಿಮೇಟ್ ಬರೆದಿದ್ದರು. ಆ 1.3 ಇಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟೇ ಇಲ್ಲ, ಇರೋದು ಚೈನು.